ಒಂದು ಡಜನ್ ಅಕ್ಷರದ ಹೆಸರು

ಈ ಕೆಲಸಕ್ಕೆ ಏನು ತಗುಲಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಉಳಿದದ್ದು ಮುಕ್ಕಾಲು ಗಂಟೆ. ಹೋದದ್ದು ನಾಲ್ಕು ಅಕ್ಷರ, ಅದೂ ನನ್ನವಲ್ಲ. ಅಮೃತೂರಿನಲ್ಲಿ ಒಬ್ಬ ಬಾಣಂತಿ ಹತ್ತು ದಿನ ನಿದ್ದೆಗೆಟ್ಟಳು. ಗುಬ್ಬಿಯ ಒಬ್ಬ ಬಳೆಗಾರ್ತಿ ನಾಮಕರಣದ ಮನೆಯಿಂದ ಊಟ ಮಾಡದೆ ಎದ್ದುಹೋದಳು. ಯಾಕೆ ಎಂದರೆ, ಚೌಕಾಸಿಯಲ್ಲಿ ಯಾರಿಗೂ ಸೋಲದ ನಾನು ಒಂದು ದಿನ ಒಬ್ಬ ಗಿರಾಕಿಗೆ ಸೋತೆ, ಆ ಸೋಲನ್ನು ಗುಟ್ಟಾಗಿ ಸರಿಮಾಡಿಕೊಳ್ಳಲು ಹೋದೆ.

ಅದು ೧೯೭೭ನೇ ಇಸವಿ. ತುಮಕೂರಿನ ಚಿಕ್ಕಪೇಟೆಯಲ್ಲಿ ಶೆಟ್ಟರೊಬ್ಬರ ಸ್ಟೀಲ್ ಪಾತ್ರೆ ಅಂಗಡಿ ಇತ್ತು. ಅದರ ಜಗಲಿಯ ಒಂದು ಮೂಲೆಯಲ್ಲಿ ಕೂತು ಪಾತ್ರೆಗಳ ಮೇಲೆ ಹೆಸರು ಕೆತ್ತುವುದು ನನ್ನ ಕೆಲಸ. ಸಂಬಳವಿಲ್ಲ. ಶೆಟ್ಟರ ಗಿರಾಕಿಗಳೇ ನನ್ನ ಗಿರಾಕಿಗಳು, ದುಡಿದದ್ದು ನನ್ನದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಜೊತೆ ಬೆಳ್ಳಾವಿ ಕಡೆಯ ಹಳ್ಳಿಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಾ ತಿರುಗಿದವನು ನಾನು. ಸ್ಟೀಲು ಬಂತು, ಕಲಾಯಿ ಹಾಕಿಸುವವರು ಕಡಿಮೆಯಾದರು. ಮಾವ ಹಣೆಬರಹ ಎಂದು ಕೂತುಬಿಟ್ಟ. ನಾನು ಕೂರಲಿಲ್ಲ. ಅಂಗಡಿ ಬೋರ್ಡುಗಳನ್ನು ನೋಡಿ ನೋಡಿ ಕನ್ನಡ ಅಕ್ಷರ ತಿದ್ದಿದೆ, ಒಡೆದ ತಟ್ಟೆಗಳ ಮೇಲೆ ಆರು ತಿಂಗಳು ಉಳಿ ಆಡಿಸಿ ಕೈ ಪಳಗಿಸಿಕೊಂಡೆ. ಕಸುಬು ಕೈಬಿಟ್ಟರೆ ಇನ್ನೊಂದು ಕಸುಬನ್ನು ನಾವೇ ಹೋಗಿ ಹಿಡಿಯಬೇಕು, ಅದು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇದನ್ನು ನನ್ನ ಮಕ್ಕಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

ಆಗ ಕರೆಂಟಿನ ಮೆಷಿನ್ ಇರಲಿಲ್ಲ. ಒಂದು ಗಿಡ್ಡ ಉಳಿ, ಒಂದು ಪುಟ್ಟ ಸುತ್ತಿಗೆ. ಪಾತ್ರೆಯನ್ನು ಎರಡು ಪಾದಗಳ ನಡುವೆ ಗಟ್ಟಿಯಾಗಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಾ ಅಕ್ಷರ ಎಬ್ಬಿಸಬೇಕು. ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ. ದರವೂ ಅಕ್ಷರದ ಲೆಕ್ಕದಲ್ಲೇ. ಕೊಟ್ಟವರ ಹೆಸರು, ಊರು, ಯಾವ ಸಮಾರಂಭ ಎಂದು ಬರೆಸುವವರು ಹೆಚ್ಚು. ಮದುವೆ ತಿಂಗಳಲ್ಲಿ ತಲೆ ಎತ್ತಲು ಪುರುಸೊತ್ತು ಇರುತ್ತಿರಲಿಲ್ಲ.

ನನ್ನ ತಲೆಯ ಮೇಲೆ ಒಂದು ತಗಡಿನ ಬೋರ್ಡು ತೂಗುತ್ತಿತ್ತು. "ಇಲ್ಲಿ ಪಾತ್ರೆಗಳ ಮೇಲೆ ಹೆಸರು ಬರೆದುಕೊಡಲಾಗುವುದು" ಎಂದಷ್ಟೇ ಅದರಲ್ಲಿತ್ತು. ನನ್ನ ಹೆಸರು ವಾಜಿದ್. ಅದನ್ನು ನಾನು ಬೋರ್ಡಿನಲ್ಲಿ ಬರೆಸಿರಲಿಲ್ಲ. ಶೆಟ್ಟರು ಬೇಡ ಅಂದವರಲ್ಲ, ಗಿರಾಕಿಗಳು ಕೇಳಿದವರಲ್ಲ. ದೇವರ ಮನೆಯ ತಟ್ಟೆ, ಮದುವೆಯ ಬಿಂದಿಗೆ ಎಲ್ಲ ನನ್ನ ಕೈಗೆ ಬರುತ್ತವೆ, ಸುಮ್ಮನೆ ಯಾಕೆ ಎಂದು ನಾನೇ ಬಿಟ್ಟಿದ್ದೆ. ಬಂದವರು "ಸಾಬ್ರೇ" ಎಂದು ಕರೆಯುತ್ತಿದ್ದರು. ಅಷ್ಟರಲ್ಲಿ ಎಲ್ಲ ನಡೆಯುತ್ತಿತ್ತು. ಮುಂದಿನ ಮಾತಿಗೆ ಬೇಕಾದ್ದರಿಂದ ಈ ಬೋರ್ಡಿನ ವಿಷಯ ಹೇಳಿದೆ.

ಒಂದು ಸೋಮವಾರ ಬೆಳಿಗ್ಗೆ ಗುಬ್ಬಿ ಪಕ್ಕದ ತೋಟದ ಮನೆಯವನೊಬ್ಬ ಬಂದ. ಹೆಸರು ಶಿವಣ್ಣ. ತಂಗಿಯ ಹೆಣ್ಣುಮಗುವಿನ ನಾಮಕರಣ ಗುರುವಾರ, ಸೋದರಮಾವನ ಕಡೆಯಿಂದ ಪಾತ್ರೆ ಕೊಡುವುದು ಅವರಲ್ಲಿ ಪದ್ಧತಿ. ಮುಂದೆ ಹುಡುಗಿ ಮದುವೆಯಾಗಿ ಹೋಗುವಾಗ ಆ ಪಾತ್ರೆಗಳೇ ಮೊದಲು ಗಾಡಿ ಹತ್ತಬೇಕು. ಐದು ಲೋಟ, ಮೂರು ತಟ್ಟೆ, ಎರಡು ಬಟ್ಟಲು, ಮಗುವಿಗೆ ಹಾಲು ಕುಡಿಸುವ ಒಂದು ಒಳಲೆ, ಒಟ್ಟು ಹನ್ನೊಂದು ಪಾತ್ರೆ ಆರಿಸಿ ನನ್ನ ಮುಂದೆ ಇಟ್ಟ.

"ಹೆಸ್ರು ಕೆತ್ತಕ್ಕೆ ಏನ್ ತಗೋತೀರಾ ಸಾಬ್ರೇ?"

"ಅಕ್ಷರಕ್ಕೆ ಇಷ್ಟು ಅಂತ."

"ಅಕ್ಷರ ಎಣಿಸ್ಕೊಂಡು ಕೂರಕ್ಕೆ ನಮ್ಗೆ ಎಲ್ಲಿ ಬತ್ತದೆ? ಒಂದ್ ಪಾತ್ರೆಗೆ ಇಷ್ಟು ಅಂತ ಹೇಳ್ಬುಡಿ. ಹೆಣ್ಣು ಮಗೀನ ಹೆಸ್ರು, ಎಷ್ಟಿದ್ದಾತು ಮಹಾ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಕಾಲಕ್ಕೆ ಎಲ್ಲರೂ ಇಡುತ್ತಿದ್ದದ್ದು ಆಶಾ, ಸುಮಾ, ಮಂಜುಳಾ. ಎರಡು ಅಕ್ಷರ, ಹೆಚ್ಚೆಂದರೆ ಮೂರು. ಐದು ಅಕ್ಷರಕ್ಕೆ ಆಗುವಷ್ಟನ್ನು ಒಂದು ಪಾತ್ರೆಗೆ ಕೇಳಿದೆ. ಅವನು ಮುಖ ಸಣ್ಣದು ಮಾಡಿದ, ಎದ್ದು ಹೋಗುವಂತೆ ಮಾಡಿದ, ಮತ್ತೆ ಕೂತ. ಕೊನೆಗೆ ಒಪ್ಪಿದ. ಒಳಗೊಳಗೆ ನನಗೆ ಖುಷಿಯಾಯಿತು. ಆಗ ಅವನು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಡಿಸಿದ.

ಶಶಿಕಲಾನರಸಮ್ಮಖೈರುನ್ನಿಸಾ.

"ಇದೇನ್ ಶಿವಣ್ಣ, ಹೆಸರೋ ಲಗ್ನಪತ್ರಿಕೆನೋ?" ಅಂದೆ.

"ಹೆಸ್ರೇ ಸಾಬ್ರೇ. ಒಂದೇ ಹೆಸ್ರು. ಮಧ್ಯ ಜಾಗ ಬುಡಂಗಿಲ್ಲ. ಹನ್ನೆರಡು ಅಕ್ಷರ, ಬೇಕಾದ್ರೆ ಎಣಿಸ್ಕಳಿ. ಮಾತು ಮಾತೇ ತಾನೆ?"

ಎಣಿಸಲು ಬಾರದವನು ಎಣಿಸಿಕೊಂಡೇ ಬಂದಿದ್ದ! ಗಲ್ಲಾದಲ್ಲಿದ್ದ ಶೆಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಏನ್ರೀ ಸಾಬ್ರೇ, ಊರಿಗೆಲ್ಲ ಬುದ್ಧಿ ಹೇಳೋರು ಇವತ್ತು ಗುಬ್ಬಿಯೋರ ಕೈಗೆ ಸಿಕ್ಕಾಕೊಂಡ್ರಲ್ಲ!"

ಅಂಗಡಿಯಲ್ಲಿದ್ದ ನಾಲ್ಕು ಜನ ಗಿರಾಕಿಗಳೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಉರಿಯುತ್ತಿತ್ತು. ಶಿವಣ್ಣ ಕಾಗದವನ್ನು ನನ್ನ ಕೈಗಿಟ್ಟು, "ಈ ಹೆಸ್ರಲ್ಲಿ ಒಂದ್ ಕತೆ ಐತೆ ಸಾಬ್ರೇ" ಎಂದು ಶುರುಮಾಡಿದ. "ಕತೆ ಆಮೇಲೆ, ಸಂಜೆ ಬನ್ನಿ" ಎಂದು ನಾನು ತಲೆ ತಗ್ಗಿಸಿ ಉಳಿ ಹಿಡಿದೆ. ಆ ಕತೆಯನ್ನು ಅಲ್ಲೇ ಎರಡು ನಿಮಿಷ ಕೇಳಿದ್ದರೆ ಇವತ್ತು ಇದನ್ನು ಬರೆಯುವ ಕೆಲಸ ಬರುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲ ಲೋಟ ಕೈಗೆತ್ತಿಕೊಂಡೆ. ಶಶಿಕಲಾ ಆಯಿತು. ನರಸಮ್ಮ ಆಯಿತು. ಎಂಟು ಅಕ್ಷರಕ್ಕೆ ಉಳಿ ನಿಲ್ಲಿಸಿದೆ. ಇನ್ನು ನಾಲ್ಕು ಅಕ್ಷರ, ಹನ್ನೊಂದು ಪಾತ್ರೆಗೆ ನಲವತ್ತನಾಲ್ಕು, ಅಂದರೆ ಮುಕ್ಕಾಲು ಗಂಟೆಯ ಕೆಲಸ. ಅಷ್ಟನ್ನು ಇವನಿಗೆ ಪುಕ್ಕಟೆ ಕೊಡಬೇಕಲ್ಲ ಎಂಬ ಸಿಟ್ಟು ಒಂದು ಕಡೆ. ಅಷ್ಟೇ ಆಗಿದ್ದರೆ ಈಗ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಇನ್ನೊಂದು ಕಡೆ ನನ್ನ ವ್ಯಾಪಾರಿ ಬುದ್ಧಿ ಒಂದು ಮಾತು ಹೇಳಿತು: ಹಿಂದೂ ಮನೆಯ ಮಗು, ಯಾವುದೋ ಹರಕೆಗೆ ಅಜ್ಜಿಯೋ ಯಾರೋ ಈ ಹೆಸರು ಸೇರಿಸಿರಬೇಕು. ನಾಳೆ ಬಂಧುಬಳಗದ ಮುಂದೆ ತಟ್ಟೆ ಇಡುವಾಗ ಇವರಿಗೇ ಮುಜುಗರ. ಬಿಟ್ಟರೆ ಬೇಡ ಅನ್ನುವವರು ಯಾರೂ ಇಲ್ಲ, ಒಳಗೊಳಗೆ ಸಮಾಧಾನವೇ ಆದೀತು. ಖೈರುನ್ನಿಸಾ ನಮ್ಮವರ ಹೆಸರು. ನನ್ನ ಚಿಕ್ಕಮ್ಮನೊಬ್ಬಳಿಗೂ ಅದೇ ಹೆಸರು. ಬೋರ್ಡಿನ ಮೇಲೆ ವಾಜಿದ್ ಎಂದು ಬರೆಸದವನಿಗೆ ಲೋಟದ ಮೇಲೆ ಖೈರುನ್ನಿಸಾ ಬಿಡುವುದು ಕಷ್ಟವಾಗಲಿಲ್ಲ.

ಹನ್ನೊಂದಕ್ಕೂ ಎಂಟೇ ಅಕ್ಷರ ಕೆತ್ತಿದೆ.

ನನ್ನದೊಂದು ನಿಯಮವಿತ್ತು. ಕೆಲಸ ಮುಗಿದ ಮೇಲೆ ಗಿರಾಕಿಯ ಕೈಗೆ ಪಾತ್ರೆ ಕೊಟ್ಟು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ತೋರಿಸುವುದು. ಓದಲು ಬಾರದವರಿಗೂ ಹಾಗೆಯೇ. ಅವತ್ತು ಶಿವಣ್ಣ ಬರುವ ಮೊದಲೇ ಪಾತ್ರೆಗಳನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಇಟ್ಟಿದ್ದೆ.

"ಒಂದ್ ಲೋಟ ನೋಡನ ಬುಡಿ ಸಾಬ್ರೇ."

"ಬಸ್ಸು ತಪ್ಪುತ್ತೆ ನೋಡಿ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

"ಅಯ್ಯೋ, ನಂಬ್ಕೇನೇ ಇಲ್ದಿದ್ರೆ ಇಲ್ಲೀಗಂಟ ಬತ್ತಿದ್ನಾ?" ಎಂದು ಕಾಗದವನ್ನು ಜೇಬಿಗೆ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋದ. ಅವನು ಅದನ್ನು ಮನೆಯಲ್ಲಿ ಬಿಚ್ಚಲೂ ಇಲ್ಲ. ಕಟ್ಟಿದ ಚೀಲ ಹಾಗೆಯೇ ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ, ತಂಗಿಯ ಗಂಡನ ಮನೆಗೆ ಹೋಯಿತು.

ನಾಮಕರಣ ಕಳೆದು ಎಂಟು ದಿನಕ್ಕೆ ಶಿವಣ್ಣ ಮತ್ತೆ ಬಂದ. ಜೊತೆಯಲ್ಲಿ ತಂಗಿ ಜಯಮ್ಮ, ಅವಳ ಮಡಿಲಲ್ಲಿ ಮಗು. ಶಿವಣ್ಣನ ಮುಖ ನೋಡಿಯೇ ನನಗೆ ತಿಳಿಯಿತು. ಅವನು ಗೋಣಿಚೀಲವನ್ನು ಜಗಲಿಯ ಮೇಲೆ ದಬ್ಬನೆ ಇಟ್ಟ. ಬೈಯಲು ಬಾಯಿ ತೆರೆದವನನ್ನು ಜಯಮ್ಮ ಕೈ ಸನ್ನೆಯಲ್ಲೇ ತಡೆದಳು.

"ಅಣ್ಣ, ಕಾಗದದಲ್ಲಿ ಇದ್ದಿದ್ದನ್ನ ನೀವು ಪೂರ್ತಿ ಬರೀಲಿಲ್ಲ."

ನನ್ನ ಬಾಯಲ್ಲಿ ಉತ್ತರ ತಯಾರಾಗಿಯೇ ಇತ್ತು. "ಜಾಗ ಸಾಲಲಿಲ್ಲ ತಾಯಿ. ಲೋಟ ಸಣ್ಣದು, ಹೆಸರು ಉದ್ದ."

ಅವಳು ಚೀಲದಿಂದ ಒಂದು ಲೋಟ ತೆಗೆದಳು. ನಿಧಾನವಾಗಿ ತಿರುಗಿಸಿದಳು. ಎಂಟು ಅಕ್ಷರ ಮುಗಿದ ಮೇಲೆ ಅರ್ಧ ಸುತ್ತು ಸ್ಟೀಲು ಖಾಲಿ ಹೊಳೆಯುತ್ತಿತ್ತು. ಆ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟು ಕೇಳಿದಳು: "ಇದು ಯಾರಿಗೆ ಅಂತ ಬಿಟ್ಟಿದ್ದೀರಾ ಅಣ್ಣ?"

ಶೆಟ್ಟರು ಈ ಸಲ ನಗಲಿಲ್ಲ. ಗಿರಾಕಿಯೊಬ್ಬ ಲೋಟವನ್ನೂ ನನ್ನನ್ನೂ ನೋಡಿದ. ನಾನು ಉಳಿಯ ತುದಿಯನ್ನು ಬೆರಳಿನಿಂದ ಒರೆಸುತ್ತಾ ಕೂತೆ.

ಆಮೇಲೆ ಜಯಮ್ಮ ಆ ಹೆಸರಿನ ಕತೆ ಹೇಳಿದಳು. ಹನ್ನೊಂದು ದಿನ ಮೊದಲು ಅವಳ ಅಣ್ಣ ಹೇಳಲು ಬಂದಿದ್ದ ಕತೆ ಅದೇ.

ಅವಳಿಗೆ ಮೊದಲು ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ. ಮೂರನೆಯದು ಹುಟ್ಟಿದ್ದು ಗುಬ್ಬಿಯ ತವರಿನಲ್ಲಿ. ಮಕ್ಕಳು ಕೈಗೆ ಹತ್ತದ ಮನೆಯಲ್ಲಿ ಹುಟ್ಟಿದ ಮಗುವನ್ನು ಮಾರುವ ಪದ್ಧತಿ ನಮ್ಮ ಕಡೆ ಇತ್ತು. ಬಹಳ ಮಕ್ಕಳನ್ನು ಹೆತ್ತು ಎಲ್ಲವನ್ನೂ ಉಳಿಸಿಕೊಂಡ ಹೆಂಗಸೊಬ್ಬಳನ್ನು ಕರೆಸುತ್ತಾರೆ. ಮಗುವನ್ನು ಮೊರದಲ್ಲಿ ಮಲಗಿಸಿ ಅವಳ ಮುಂದೆ ಇಡುತ್ತಾರೆ. ಅವಳು ಒಂದು ಸೇರು ತೌಡು ಕೊಟ್ಟು ಮಗುವನ್ನು ಕೊಳ್ಳುತ್ತಾಳೆ. ಅಲ್ಲಿಗೆ ಮಗು ಅವಳದು, ಹೆತ್ತವಳು ಬರೀ ಸಾಕುವವಳು. ಈ ಮನೆಯ ಮೇಲಿನ ಕೆಟ್ಟ ಕಣ್ಣು ಬೇರೆಯವರ ಮಗುವನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ. ಆಮೇಲೆ ನಾಮಕರಣದ ದಿನ ಕೊಂಡವಳಿಗೆ ಸೀರೆ ಕೊಟ್ಟು ಮಗುವನ್ನು ವಾಪಸು ತೆಗೆದುಕೊಳ್ಳುತ್ತಾರೆ. ಮಗುವಿನ ಹೆಸರಿನಲ್ಲಿ ಕೊಂಡವಳ ಹೆಸರು ಇರಬೇಕು. ಅದೊಂದೇ ಷರತ್ತು.

ಜಯಮ್ಮನ ಮಗುವನ್ನು ಕೊಂಡವಳು ಆ ಕಡೆಗೆ ಬಳೆ ಮಾರಲು ಬರುತ್ತಿದ್ದ ಖೈರುನ್ನಿಸಾ. ಏಳು ಮಕ್ಕಳ ತಾಯಿ. ಏಳೂ ಗಟ್ಟಿಮುಟ್ಟು. ಗುಬ್ಬಿಯವರು ಖೈರಮ್ಮ ಎನ್ನುತ್ತಿದ್ದರು. ತೌಡು ಅಳೆದು ಕೊಟ್ಟು, ಬಳೆಯ ಮಲಾರವನ್ನು ಪಕ್ಕಕ್ಕಿಟ್ಟು, ಬೆಳಗಿನಿಂದ ಸಂಜೆಯವರೆಗೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳಂತೆ. ಶಶಿಕಲಾ ಜಯಮ್ಮನ ಆಸೆ. ನರಸಮ್ಮ ಅವಳ ಅತ್ತೆಯ ಹೆಸರು, ಅವರ ಮನೆದೇವರು ದೇವರಾಯನದುರ್ಗದ ನರಸಿಂಹಸ್ವಾಮಿ. ಕೊನೆಗೆ ಖೈರುನ್ನಿಸಾ. ಮೂರೂ ಸೇರಿ ಹನ್ನೆರಡು ಅಕ್ಷರವಾದಾಗ ಬಳೆಗಾರ್ತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಸರಿಯಾಗಿ ಒಂದ್ ಡಜನ್! ನಮ್ಮ ಬಳೆ ಲೆಕ್ಕ!" ಎಂದು ಶಿವಣ್ಣನ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಿದ್ದಳಂತೆ. ಅವಳಿಗೆ ಓದು ಬಾರದು.

ನಾಮಕರಣಕ್ಕೆ ಅವಳು ಎರಡು ಬಸ್ಸು ಬದಲಿಸಿ ಅಮೃತೂರಿಗೆ ಹೋಗಿದ್ದಳು. ಮಗುವಿಗೆ ಪುಟ್ಟ ಕರಿಬಳೆ, ಜಯಮ್ಮನಿಗೆ ಹಸಿರು ಗಾಜಿನ ಬಳೆ ಒಯ್ದಿದ್ದಳು. ಬಂಧುಗಳ ಮುಂದೆ ಸೀರೆಯನ್ನೂ ಕೊಟ್ಟರು. ತೊಟ್ಟಿಲ ಮುಂದೆ ಪಾತ್ರೆ ಜೋಡಿಸಿದ್ದರು.

"ಖೈರಮ್ಮ ಒಂದ್ ಲೋಟ ಎತ್ಕೊಂಡು ಬೆರಳಲ್ಲಿ ಎಣಿಸ್ತು ಅಣ್ಣ," ಅಂದಳು ಜಯಮ್ಮ. "ಒಂದ್ಸಲ ಎಣಿಸ್ತು. ಇನ್ನೊಂದ್ ಲೋಟ ತಗೊಂಡು ಎಣಿಸ್ತು. ತಟ್ಟೆ ತಗೊಂಡು ಎಣಿಸ್ತು. ಆಮೇಲೆ ನನ್ ಮುಖ ನೋಡ್ತು. 'ಎಂಟೇ ಅವಲ್ಲ ಜಯಾ, ನಾಲ್ಕು ಎಲ್ಲೋದ್ವು?' ಅಂತು. ನಾನು ಎದ್ದು ನೋಡ್ತೀನಿ, ಇಲ್ಲ! ನಮ್ಮತ್ತೆ ಬೇರೆ, 'ಹೋಗ್ಲಿ ಬುಡೇ, ಇರೋದೇ ಚೆಂದಾಗೈತೆ' ಅಂದ್ಬಿಟ್ರು. ನಾವೇ ಬೇಕಂತ ಬಿಡ್ಸಿದೀವಿ ಅಂದ್ಕೊಂಡ್ಬಿಡ್ತು ಖೈರಮ್ಮ. ಸೀರೇನ ತೊಟ್ಲಲ್ಲಿ ಇಟ್ಟು, 'ಹೆಸರು ಬೇಡ ಅಂದ್ಮೇಲೆ ನಾನು ಕೊಂಡೂ ಇಲ್ಲ, ಕೊಟ್ಟೂ ಇಲ್ಲ' ಅಂತ ಎದ್ದೋಯ್ತು. ಒಂದ್ ತುತ್ತು ಅನ್ನ ತಿನ್ನಲಿಲ್ಲ."

"ನಾನು ಗುಬ್ಬಿಗೆ ಎರಡ್ ಸಲ ಹೋದೆ," ಅಂದ ಶಿವಣ್ಣ. "ಬಾಗ್ಲಿಗೆ ಬಂದು ಮಾತಾಡ್ಸೋದಿಲ್ಲ ಅವ್ರು. ಕಾಗದ ತೋರಿಸ್ದೆ. ಕಾಗದ ಹರ್ದೋಯ್ತದೆ, ಪಾತ್ರೆ ಹರ್ಯದಿಲ್ಲ ಅಂತಾರೆ."

ಜಯಮ್ಮ ಮಗುವಿನ ಹಣೆಗೆ ಕೈಯಿಟ್ಟಳು. "ಮೂರ್ ದಿನದಿಂದ ಮೈ ಬಿಸಿ ಅಣ್ಣ. ಡಾಕ್ಟ್ರು ಔಷಧಿ ಕೊಟ್ಟವ್ರೆ, ಹೆದರ್ಬೇಡ ಅಂದವ್ರೆ. ಆದ್ರೂ ಮೊದ್ಲಿನ ಎರಡೂ ಹಿಂಗೇ ಮೈ ಬಿಸಿಯಿಂದ್ಲೇ... ನಾನು ದುಡ್ಡು ಕೇಳಕ್ಕೆ ಬಂದಿಲ್ಲ. ಉಳಿದಿದ್ದು ಬರ್ಕೊಡಿ. ಬಿಟ್ಟಿದ್ದು ನೀವೇ, ನಾವಲ್ಲ ಅಂತ ಖೈರಮ್ಮಂಗೆ ನೀವೇ ಹೇಳಿ."

ಕೊಂಡುಕೊಂಡ ಮಗು ಬದುಕುತ್ತದೆ, ಕೊಳ್ಳದ ಮಗು ಬದುಕುವುದಿಲ್ಲ ಎಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅದು ನನ್ನ ನಂಬಿಕೆಯ ಪ್ರಶ್ನೆಯಾಗಿರಲಿಲ್ಲ. ಇಬ್ಬರು ಹೆಂಗಸರು ತೌಡು ಅಳೆದು, ಮಾತು ಕೊಟ್ಟು ಒಂದು ವ್ಯವಹಾರ ಕುದುರಿಸಿದ್ದರು. ಕೊಟ್ಟ ಮಾತಿಗೆ ಬೆಲೆ ಇರಬೇಕು ಎಂದು ದಿನವೂ ಗಿರಾಕಿಗಳಿಗೆ ಪಾಠ ಹೇಳುವ ನಾನು ನಡುವೆ ಕೂತು ಅದನ್ನು ಮುರಿದಿದ್ದೆ. ಆ ವ್ಯವಹಾರ ಏನೆಂದು ಕೇಳಿಯೂ ಇರಲಿಲ್ಲ.

ಅವತ್ತು ಬೇರೆ ಕೆಲಸ ಮುಟ್ಟಲಿಲ್ಲ. ಹನ್ನೊಂದು ಪಾತ್ರೆಗೂ ಉಳಿದ ನಾಲ್ಕು ಅಕ್ಷರ ಕೆತ್ತಿದೆ. ನಲವತ್ತನಾಲ್ಕು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು, ಒಂದೊಂದು ಅಕ್ಷರವನ್ನೂ ಕಾಗದಕ್ಕೆ ಹೋಲಿಸಿ ನೋಡಿಯೇ ಮುಂದೆ ಹೋದೆ. ಹಿಂದಿನ ಉಳಿಯ ಮೊನೆ ಹೋಗಿದ್ದರಿಂದ ಹೊಸ ಉಳಿ ಹಿಡಿದಿದ್ದೆ. ಹೊಸ ಅಕ್ಷರಗಳು ಹಳೆಯವಕ್ಕಿಂತ ಆಳವಾಗಿ, ಹೆಚ್ಚು ಹೊಳಪಾಗಿ ಬಂದವು. ಎಲ್ಲಿ ನಿಲ್ಲಿಸಿದ್ದೆ, ಎಲ್ಲಿಂದ ಮತ್ತೆ ಶುರುಮಾಡಿದೆ ಎಂಬುದು ಯಾರಿಗೂ ಕಾಣುವಂತಿತ್ತು. ಅದನ್ನು ಸರಿಮಾಡುವ ದಾರಿ ಇರಲಿಲ್ಲ. ಸ್ಟೀಲಿನ ಮೇಲೆ ಬಿದ್ದ ಏಟನ್ನು ಅಳಿಸಲು ಬರುವುದಿಲ್ಲ.

ಮರುದಿನ ಜಯಮ್ಮ ಕೊಟ್ಟ ಒಂದು ಲೋಟವನ್ನೂ ತೊಟ್ಟಿಲಲ್ಲಿ ಉಳಿದಿದ್ದ ಸೀರೆಯನ್ನೂ ಹಿಡಿದು ಗುಬ್ಬಿಗೆ ಬಸ್ಸು ಹತ್ತಿದೆ. ಖೈರುನ್ನಿಸಾ ಮನೆಯ ಬಾಗಿಲಲ್ಲೇ ಕೂತು ಬಳೆಗಳನ್ನು ಅಳತೆಗೆ ತಕ್ಕಂತೆ ದಾರಕ್ಕೆ ಪೋಣಿಸುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಕೈ ಮಾತ್ರ ಹುಡುಗಿಯ ಕೈಯಂತೆ ಓಡುತ್ತಿತ್ತು. ನಾನು ಸಲಾಂ ಹೇಳಿ ಯಾರೆಂದು ತಿಳಿಸಿದೆ. ನಾವು ಆಡಿದ್ದು ನಮ್ಮ ಮನೆಮಾತಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಖಾಲಾ, ಬಿಟ್ಟವನು ನಾನು. ಅವರಿಗೆ ಗೊತ್ತೇ ಇರಲಿಲ್ಲ," ಅಂದೆ. ಖಾಲಾ ಎಂದರೆ ನಮ್ಮಲ್ಲಿ ಚಿಕ್ಕಮ್ಮ.

ಅವಳು ಪೋಣಿಸುವುದನ್ನು ನಿಲ್ಲಿಸಲಿಲ್ಲ. "ಯಾಕೆ ಬಿಟ್ಟೆ?"

"ಹೊತ್ತು ಸಾಲಲಿಲ್ಲ."

"ಹೊತ್ತು ಸಾಲದಿದ್ದರೆ ಮೊದಲ ನಾಲ್ಕು ಅಕ್ಷರ ಬಿಡಬಹುದಿತ್ತಲ್ಲ. ನಡುವಿನ ನಾಲ್ಕು ಬಿಡಬಹುದಿತ್ತು. ನನ್ನವನ್ನೇ ಯಾಕೆ ಬಿಟ್ಟೆ?"

ಜಾಗ, ಹೊತ್ತು ಎಂಬ ಎರಡು ಸುಳ್ಳುಗಳೂ ಮುಗಿದಿದ್ದವು. ನಿಜ ಹೇಳಿದೆ. "ಅವರಿಗೆ ಈ ಹೆಸರು ಮುಜುಗರ ಆಗಬಹುದು ಅನ್ನಿಸಿತು."

ಆಗ ತಲೆ ಎತ್ತಿದಳು. "ಅವರು ಬೇಕು ಅಂತ ಬರೆದುಕೊಟ್ಟರು. ಬೇಡ ಅಂದವನು ನೀನು." ದಾರವನ್ನು ಪಕ್ಕಕ್ಕಿಟ್ಟು ಅಂದಳು: "ಬೇರೆ ಯಾರಾದರೂ ಬಿಟ್ಟಿದ್ದರೆ ಬೈದಾದರೂ ಬೈಯಬಹುದಿತ್ತು. ನಿನ್ನನ್ನ ಏನಂತ ಬೈಯಲಿ?"

ನನಗೆ ಗೊತ್ತಿದ್ದದ್ದು ಚೌಕಾಸಿ ಒಂದೇ. ಅದನ್ನೇ ಮಾಡಿದೆ. "ಖಾಲಾ, ನಿಮ್ಮ ಮನೆಯ ಪಾತ್ರೆಗಳನ್ನೆಲ್ಲ ಕೊಡಿ. ಎಲ್ಲದರ ಮೇಲೂ ನಿಮ್ಮ ಹೆಸರು ಕೆತ್ತಿಕೊಡುತ್ತೇನೆ, ಒಂದು ಪೈಸೆ ಬೇಡ."

ಅವಳು ನಕ್ಕುಬಿಟ್ಟಳು. "ಈ ಮನೆಯಲ್ಲಿ ನನ್ನ ಹೆಸರು ಎಲ್ಲರಿಗೂ ಗೊತ್ತು ಕಣೋ. ಬೇಕಾಗಿದ್ದದ್ದು ಅಮೃತೂರಲ್ಲಿ."

ಆಮೇಲೆ ದಾರದಿಂದ ಒಂದು ಬಳೆ ತೆಗೆದು ನನ್ನ ಕಣ್ಣ ಮುಂದೆ ಹಿಡಿದಳು. "ನಲವತ್ತು ವರ್ಷದಿಂದ ಬಳೆ ತೊಡಿಸ್ತಿದೀನಿ. ತೊಡಿಸುವಾಗ ನನ್ನ ಕೈಯಲ್ಲಿ ಒಡೆದ ಬಳೆಗೆ ಯಾರ ಹತ್ತಿರಾನೂ ದುಡ್ಡು ಈಸ್ಕೊಂಡಿಲ್ಲ. ನಿನ್ನ ಕೈ ಯಾಕೆ ದಪ್ಪ ಅಂತ ಕೇಳಿಲ್ಲ. ಒಡೆದದ್ದು ನನ್ನ ಕೈಯಲ್ಲಿ, ನಷ್ಟ ನಂದು. ನೀನು ಚೌಕಾಸಿಯಲ್ಲಿ ಸೋತೆ, ನಷ್ಟ ಆ ಹುಡುಗಿ ಮೇಲೆ ಹಾಕಿದೆ, ನನ್ನ ಮೇಲೆ ಹಾಕಿದೆ. ಇದು ಎಂಥಾ ಕಸುಬು?"

ಲೋಟವನ್ನು ಮುಂದೆ ಚಾಚಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು, ತೋರುಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ತಿರುಗಿಸಿದಳು. ಎಂಟಕ್ಕೆ ಬಂದಾಗ ಬೆರಳು ನಿಂತಿತು. ಮುಂದಿನ ಅಕ್ಷರದ ಆಳ ಬೆರಳಿಗೆ ತಗುಲಿರಬೇಕು.

"ಇಲ್ಲಿಂದ ನಾನಾ?"

"ಹೌದು ಖಾಲಾ. ಅಲ್ಲಿಂದ ನೀವು."

ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಎಣಿಸಿ ಮುಗಿಸಿ ಲೋಟವನ್ನು ಮಡಿಲಲ್ಲಿಟ್ಟುಕೊಂಡಳು. ಮಗುವಿಗೆ ಜ್ವರ ಎಂದು ನಾನು ಹೇಳಿದ್ದೇ ತಡ, ಬಳೆಗಳನ್ನು ಹಾಗೆಯೇ ಬಿಟ್ಟು ಎದ್ದಳು. ನನ್ನ ಕೈಯಿಂದ ಸೀರೆ ಕಿತ್ತುಕೊಂಡು, "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಒಳಗೆ ಹೋಗಿ ಅದನ್ನೇ ಉಟ್ಟುಕೊಂಡು ಬಂದಳು. ನಾನೂ ಅಮೃತೂರಿಗೆ ಬರುತ್ತೇನೆ ಅಂದೆ. "ಬೇಡ. ನೀನು ಬಂದರೆ ಅಲ್ಲೂ ನಿನ್ನ ಕತೇನೇ ಆಗುತ್ತೆ" ಅಂದಳು. ಬಸ್‌ಸ್ಟ್ಯಾಂಡಿನವರೆಗೆ ಅವಳ ಹಿಂದೆ ನಡೆದೆ. ಅವಳು ತಿರುಗಿ ನೋಡಲಿಲ್ಲ.

ಮಕ್ಕಳ ಜ್ವರ ಇಳಿಯುವಂತೆ ಆ ಮಗುವಿನ ಜ್ವರವೂ ಎರಡು ದಿನದಲ್ಲಿ ಇಳಿಯಿತು. ಔಷಧಿಯಿಂದ ಇಳಿಯಿತು ಅಂತ ನಾನು ಅಂದುಕೊಂಡೆ. ಜಯಮ್ಮ ಏನು ಅಂದುಕೊಂಡಳೋ ಅದು ಅವಳ ಹಕ್ಕು. ಶಿವಣ್ಣ ಆಮೇಲೂ ನನ್ನ ಹತ್ತಿರವೇ ಪಾತ್ರೆ ಬರೆಸುತ್ತಿದ್ದ, ಆದರೆ ಕೊನೆಯ ಅಕ್ಷರ ಮುಗಿಯುವವರೆಗೂ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ, ತಪ್ಪು ಮಾಡಿದೆ, ತಿದ್ದಿಕೊಂಡೆ ಎಂದು ಹೇಳಿಕೊಳ್ಳಬಹುದಿತ್ತು. ೧೯೮೮ರಲ್ಲಿ, ಕೆತ್ತನೆಗೆ ಕರೆಂಟಿನ ಮೆಷಿನ್ ಬಂದ ಮೇಲೆ, ಜಯಮ್ಮ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹನ್ನೊಂದು ವರ್ಷದ ಹುಡುಗಿ, ಎರಡು ಜಡೆ, ಪಟಪಟ ಮಾತು. ಹೆಸರೇನಮ್ಮ ಎಂದು ಶೆಟ್ಟರು ಕೇಳಿದರೆ ಉಸಿರು ಬಿಡದೆ ಹನ್ನೆರಡು ಅಕ್ಷರವನ್ನೂ ಹೇಳಿದಳು. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ಮೇಷ್ಟ್ರು ನಡುವೆ ನೀರು ಕುಡೀತಾರೆ ಎಂದು ನಗಿಸಿದಳು. ಖೈರುನ್ನಿಸಾ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಬಾಯಿ ನೆಗ್ಗಿದ ಒಂದು ಲೋಟವನ್ನು ಸರಿಮಾಡಿಸಲು ತಂದಿದ್ದರು. ಹುಡುಗಿ ಅದನ್ನು ತಿರುಗಿಸಿ ತೋರಿಸಿ ಕೇಳಿದಳು: "ಮಾಮ, ಇಲ್ಲಿಂದ ಅಕ್ಷರ ಯಾಕೆ ಬೇರೆ ಥರ ಐತೆ? ಅವ್ವ ಹೇಳಲ್ಲ, ನಿಮ್ಮನ್ನೇ ಕೇಳು ಅಂತಾಳೆ."

ಜಯಮ್ಮ ನನ್ನನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷ ಮಗಳಿಗೆ ಹೇಳದೆ ನನ್ನ ಮರ್ಯಾದೆ ಉಳಿಸಿದ್ದಳು. ಹೇಳುವ ಅವಕಾಶವನ್ನು ನನಗೇ ಬಿಟ್ಟಿದ್ದಳು.

"ಉಳಿ ಬದಲಾಯಿಸಿದ್ದೆ ಕಣಮ್ಮ, ಅದಕ್ಕೆ," ಅಂದೆ.

ಹುಡುಗಿ ತಲೆಯಾಡಿಸಿದಳು. ಜಯಮ್ಮ ಲೋಟ ತೆಗೆದುಕೊಂಡು, ನೆಗ್ಗು ತೆಗೆದದ್ದಕ್ಕೆ ಕೊಡಬೇಕಾದ್ದನ್ನು ಕೊಟ್ಟು ಹೋದಳು. ಅಷ್ಟು ವರ್ಷ "ಅಣ್ಣ" ಎನ್ನುತ್ತಿದ್ದವಳು ಅವತ್ತು "ಬರ್ತೀವಿ ಸಾಬ್ರೇ" ಅಂದಳು. ಮುಂದಿನ ವಾರ ನಾನು ಬೋರ್ಡಿನ ಕೆಳಗೆ ವಾಜಿದ್ ಎಂದು ಬರೆಸಿದೆ. ಯಾವ ಗಿರಾಕಿಯೂ ತಪ್ಪಿಹೋಗಲಿಲ್ಲ. ಆ ತಾಯಿ ಮಗಳು ಮಾತ್ರ ಮತ್ತೆ ಬಂದು ಅದನ್ನು ನೋಡಲೇ ಇಲ್ಲ.

ಕೆಲಸದಿಂದ ಕಲಿತದ್ದನ್ನು ನಾಲ್ಕು ಜನರಿಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೀವು ಕಸುಬಿನವರಾದರೆ, ದರ ಹೇಳುವ ಮೊದಲು ಕೆಲಸ ಪೂರ್ತಿ ಕೇಳಿ. ಕೇಳದೆ ಒಪ್ಪಿ ಸೋತರೆ ನಕ್ಕು ಸೋಲಿ, ನಿಮ್ಮ ಕೈಯಲ್ಲಿ ಒಡೆದದ್ದರ ನಷ್ಟ ನಿಮ್ಮದೇ. ಗಿರಾಕಿಯ ಮನೆಯಲ್ಲಿ ಯಾರಿಗೆ ಯಾವುದು ಮುಜುಗರ ಎಂದು ನೀವು ನಿರ್ಧರಿಸಬೇಡಿ. ಮಗುವಿಗೆ ಯಾರಾದರೂ ಮಾರುದ್ದದ ಹೆಸರು ಇಟ್ಟರೆ ನಗುವ ಮೊದಲು, ಅದರಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿ. ಮಕ್ಕಳು ನಿಜ ಕೇಳಿದಾಗ ಅಲ್ಲೇ ಹೇಳಿಬಿಡಿ, ಆಮೇಲೆ ಹೇಳಲು ಅವರು ಎಲ್ಲಿ ಸಿಗುತ್ತಾರೆ?

ಇನ್ನು ನೀವು ಗಿರಾಕಿಯಾದರೆ ಇಷ್ಟು ಮಾಡಿ: ಬಸ್ಸು ಹೋದರೆ ಹೋಗಲಿ, ಚೀಲದ ಬಾಯಿ ಬಿಚ್ಚಿಸಿ, ಪಾತ್ರೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಎಣಿಸಿ. ಓದಲು ಬಾರದಿದ್ದರೂ ಪರವಾಗಿಲ್ಲ. ಬೆರಳಿಟ್ಟು ಎಣಿಸಿ. ಓದು ಬಲ್ಲ ಅಷ್ಟು ಜನ ತುಂಬಿದ್ದ ಮನೆಯಲ್ಲಿ ನನ್ನನ್ನು ಹಿಡಿದದ್ದು ಆ ಒಂದು ಬೆರಳು.